ಏರಿಯ ಕೆಳಗಿನ ಮನೆ

ನಜೀರ್ ಅಹ್ಮದ್ ಮನೆ ನೋಡಲು ಹೊರಟರೆ ಮೊದಲು ಕೆರೆ ನೋಡುತ್ತಿದ್ದ, ಆಮೇಲೆ ಮನೆ. ಜೊತೆಗೆ ಹೋಗುತ್ತಿದ್ದ ಹೆಂಡತಿ ರಹೀಮುನ್ನೀಸಾ ಮಾತ್ರ, ನೀರು ನುಗ್ಗಿದರೆ ಯಾವ ಕಡೆಗೆ ಓಡಬಹುದು ಎಂದು ನೋಡಿಕೊಳ್ಳುತ್ತಿದ್ದಳು.

ಶಿವನಸಮುದ್ರದ ಕರೆಂಟಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರಾಗಿ ದುಡಿದ ನಜೀರ್ 1944ರ ಬೇಸಿಗೆಯಲ್ಲಿ ಕೆಲಸದಿಂದ ಬಿಡುಗಡೆ ಹೊಂದಿದ. ಯಂತ್ರಗಳ ಸದ್ದಿಗೆ ಅವನ ಕಿವಿ ಅರ್ಧ ಮಂದವಾಗಿತ್ತು. ರಜೆ ಬಂತೆಂದರೆ ಗಾಳ ಹಿಡಿದು ಕಾವೇರಿಯ ಬಂಡೆಗಳ ಮೇಲೆ ಕೂತು ಸಂಜೆ ಮಾಡುವವನು. ಈಗ ಮಂಡಿನೋವು, ಬಂಡೆ ಹತ್ತಲಾಗದು. ಹಾಗಾಗಿ ನಿಂತ ನೀರಿನ ದಡದಲ್ಲಿ ಒಂದು ಮನೆ ಮಾಡಿ, ಬಾಗಿಲಿಂದ ಹತ್ತು ಹೆಜ್ಜೆಗೆ ಗಾಳ ಹಾಕಬೇಕೆಂಬುದು ಅವನ ಆಸೆ. ಮದ್ದೂರಿಗೆ ಕೊಟ್ಟ ಮಗಳು ಬಷೀರುನ್ನೀಸಾ, ನಮ್ಮ ಬೀದಿಯಲ್ಲೇ ಮನೆ ಖಾಲಿಯಿದೆ ಬನ್ನಿ ಎಂದು ಎರಡು ಸಲ ಹೇಳಿಕಳಿಸಿದ್ದಳು. ರಹೀಮುನ್ನೀಸಾಳ ಮನಸ್ಸೆಲ್ಲ ಆ ಕಡೆಗೇ ಇತ್ತು.

ಅವಳು ಮಳವಳ್ಳಿಯಲ್ಲಿ ಎತ್ತಿಗೆ ಲಾಳ ಕಟ್ಟುವವರ ಮನೆಯಲ್ಲಿ ಬೆಳೆದವಳು. ಹುಟ್ಟಾ ಅಂಜುಬುರುಕಿ ಏನಲ್ಲ. ಆದರೆ ಇಪ್ಪತ್ತು ವರ್ಷದ ಹಿಂದೆ, ಇಪ್ಪತ್ನಾಲ್ಕನೇ ಇಸವಿಯಲ್ಲಿ ಕಾವೇರಿ ಉಕ್ಕಿ ಬಂದಾಗ, ಗುಡ್ಡದ ಮೇಲೆ ನಿಂತು ಅವಳು ಒಂದು ಹುಲ್ಲಿನ ಚಾವಣಿ ತೇಲಿ ಹೋಗುವುದನ್ನು ಕಂಡಿದ್ದಳು. ಅದರ ಮೇಲೊಂದು ಆಡು ನಿಂತಿತ್ತು. ಮನೆ ಯಾರದೋ, ಮನೆಯವರು ಏನಾದರೋ ತಿಳಿಯಲಿಲ್ಲ. ಆಡು ಅರಚುತ್ತ ಇವಳ ಕಡೆಗೇ ನೋಡುತ್ತ ಜಲಪಾತದ ಕಡೆಗೆ ಹೋಯಿತು. ಆವತ್ತಿನಿಂದ ಕೊಡಕ್ಕೆ ನೀರು ಬಗ್ಗಿಸುವಾಗಲೂ ಅವಳ ಎದೆಯಲ್ಲಿ ಏನೋ ಒಂದು ಎಳೆದಂತಾಗುತ್ತಿತ್ತು.

ಮೊದಲು ನೋಡಿದ್ದು ಮಂಡ್ಯದ ನಾಲೆ ಬಯಲಿನ ಒಂದು ಊರು. ಕೆರೆ ಚೆನ್ನಾಗಿತ್ತು, ಊರಲ್ಲಿ ಮಾತ್ರ ಮನೆಗೊಬ್ಬರು ಹಗಲಲ್ಲೇ ಕಂಬಳಿ ಹೊದ್ದು ಚಳಿಜ್ವರಕ್ಕೆ ನಡುಗುತ್ತಿದ್ದರು. ಹಾಗೇ ಹಿಂದಿರುಗಿದರು. ಪೂರಿಗಾಲಿಯ ಹತ್ತಿರ ಇನ್ನೊಂದು ಮನೆ. ಅಲ್ಲಿನ ನೀರಿನ ತುಂಬಾ ಜೊಂಡು ಬೆಳೆದಿದೆ, ಗಾಳ ಇಳಿಯುವುದಿಲ್ಲ ಎಂದು ನಜೀರನೇ ಬೇಡವೆಂದ. ಮೂರನೆಯದು ಮಳವಳ್ಳಿ ತಾಲ್ಲೂಕಿನ ಕಗ್ಗಲಿಕೊಪ್ಪಲು. ಅಲ್ಲಿನ ಕೆರೆ ಕಂಡದ್ದೇ ತಡ, ಅವನು ಅಲ್ಲೇ ನಿಂತುಬಿಟ್ಟ. ತಿಳಿನೀರು, ದಡದಲ್ಲಿ ಹೊಂಗೆ ನೆರಳು, ನೆರಳಿನಲ್ಲಿ ಕೊರಮೀನು ಬಾಲ ಬಡಿದ ಸದ್ದು. ಆ ಸದ್ದು ಮಾತ್ರ ಅವನ ಮಂದ ಕಿವಿಗೂ ಕೇಳಿಸಿತ್ತು.

ಮನೆ ಇದ್ದದ್ದು ಕೆರೆಯ ಏರಿಯ ಕೆಳಗೆ. ಹಿತ್ತಲ ಬೇಲಿಯಿಂದ ಮೂವತ್ತು ಮಾರು ದೂರಕ್ಕೆ ಮಣ್ಣಿನ ಏರಿ, ತಾಳೆಮರದೆತ್ತರ; ಮೇಲಕ್ಕೆ ಮಂಡಿನೋವಿನವರೂ ಹತ್ತಬಲ್ಲ ಓರೆ ದಾರಿಯೊಂದಿತ್ತು. ಆ ಏರಿಯ ಆಚೆಗೆ ನೀರು. ರಹೀಮುನ್ನೀಸಾ ಹಿತ್ತಲಲ್ಲಿ ನಿಂತು ಕತ್ತೆತ್ತಿ ನೋಡಿದಳು. ಏರಿಯ ಮೇಲೆ ಹೋಗುತ್ತಿದ್ದ ಎಮ್ಮೆಯೊಂದು ಮನೆಯ ಮಾಡಿಗಿಂತ ಮೇಲೆ ನಡೆಯುತ್ತಿತ್ತು.

"ನೀರು ನಮ್ಮ ತಲೆ ಮೇಲಿದೆಯಲ್ರೀ," ಎಂದಳು.

"ಏರಿ ಇದೆಯಲ್ಲೇ. ಇನ್ನೂರು ವರ್ಷದಿಂದ ನಿಂತಿದೆ."

"ನಿಂತಿರೋದೆಲ್ಲಾ ಬೀಳೋವರ್ಗೂ ನಿಂತಿರುತ್ತೆ."

ಕೊನೆಗೆ ಒಂದು ಒಪ್ಪಂದವಾಯಿತು. ಆ ಮನೆಯಲ್ಲಿ ಸದ್ಯಕ್ಕೆ ಬಾಡಿಗೆಗೆ ಇರುವುದು. ಚಿತ್ತೆ ಮಳೆ ಕಳೆಯುವಷ್ಟರಲ್ಲಿ ಅವಳ ಮನಸ್ಸು ಒಪ್ಪಿದರೆ ಕೊಳ್ಳುವುದು, ಇಲ್ಲದಿದ್ದರೆ ಗಾಳ ಸುತ್ತಿಟ್ಟು ಮದ್ದೂರಿನ ದಾರಿ ಹಿಡಿಯುವುದು.

ಊರಿನವರು ಕೆಟ್ಟವರಲ್ಲ. ಪಕ್ಕದ ಮನೆಯ ಪಟ್ಟಲಮ್ಮ ಮೊದಲ ದಿನವೇ ಒಂದು ಮೊರ ಅವರೆಕಾಯಿ ತಂದುಕೊಟ್ಟಳು. ಇವಳು ದಿನಾ ಬೆಳಗ್ಗೆ ಏರಿಯ ಬುಡಕ್ಕೆ ಹೋಗಿ ನೋಡಿ ಬರುವುದನ್ನು ಕಂಡು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಏನ್ ಬೂಬಮ್ಮ, ಏರಿ ಓಡೋಯ್ತದಾ? ನಮ್ಮತ್ತೆ, ಅವ್ರತ್ತೆ ಎಲ್ಲಾ ಇಲ್ಲೇ ಬಾಳಿ ಓದ್ರು ಕಣಮ್ಮ. ಒಳ್ಳೆ ಪುಕ್ಲಿ ನೀನು." ನಾಲ್ಕೇ ದಿನಕ್ಕೆ ಬೂಬಮ್ಮನ ಹೆದರಿಕೆ ಊರಿಗೆಲ್ಲ ತಮಾಷೆಯಾಯಿತು.

ಹಸ್ತದ ಮಳೆ ಬಿಡದೆ ಹೊಡೆಯಿತು. ಕೆರೆ ತುಂಬಿ ಕೋಡಿ ಬಿತ್ತು; ಹೆಚ್ಚಿನ ನೀರು ಊರಾಚೆಯ ಹಳ್ಳಕ್ಕೆ ಹರಿಯತೊಡಗಿತು. ಊರಿಗೆ ಅದು ಹಬ್ಬ. ರಹೀಮುನ್ನೀಸಾಳಿಗೆ ಮಾತ್ರ ಕೂತರೆ ನಿಂತರೆ ಹಿತ್ತಲ ಕಡೆಯೇ ಕಣ್ಣು. ಗಂಡನಿಗೆ ಹೇಳಿದರೆ, "ಇನ್ನೊಂದೇ ಮಳೆ ಇರೋದು ಕಣೇ," ಎನ್ನುತ್ತಿದ್ದ.

ಚಿತ್ತೆ ಮಳೆ ಹುಟ್ಟಿದ ಮೂರನೇ ದಿನ ಮಳೆ ಕೊಂಚ ಬಿಡುವು ಕೊಟ್ಟಿತ್ತು. ಮಧ್ಯಾಹ್ನ ಅವಳು ಗಂಡನಿಗೆ ರೊಟ್ಟಿ ಕಟ್ಟಿಕೊಂಡು ಏರಿಯ ಮೇಲೆ ಹೋದಳು. ನಜೀರ್ ಗಾಳದ ಬೆಂಡನ್ನು ನೋಡುತ್ತ ಹುಬ್ಬು ಗಂಟಿಕ್ಕಿದ್ದ.

"ಬೆಳಗ್ಗೆಯಿಂದ ಹೀಗೇ," ಎಂದ. "ಗಾಳಿ ಊರಿಂದ ಕೆರೆ ಕಡೆ ಬೀಸ್ತಿದೆ. ಬೆಂಡು ಆಚೆಗೆ ಹೋಗ್ಬೇಕು. ಇದು ಏರಿ ಕಡೆಗೇ ಬರ್ತದೆ, ನೋಡು."

ಬೆಂಡು ನಿಧಾನವಾಗಿ, ಯಾರೋ ಕೈಹಿಡಿದು ಕರೆದೊಯ್ದ ಹಾಗೆ, ಏರಿಯ ಕಡೆಗೆ ಸರಿಯುತ್ತಿತ್ತು. ಅಷ್ಟರಲ್ಲಿ ಕೆರೆಯ ನೀರು ನೋಡಿಕೊಳ್ಳುವ ನೀರಗಂಟಿ ಕೆಂಪಸಿದ್ದಯ್ಯ ಆ ಕಡೆ ಬಂದ.

"ತೂಬು ತೆಗೆದಿದ್ದೀಯೇನಪ್ಪ?" ಎಂದು ನಜೀರ್ ಕೇಳಿದ.

"ಇಲ್ಲ ಸಾಬ್ರೆ. ಮುಚ್ಚಿ ಎಂಟು ದಿನಾಯ್ತು. ಈ ಮಳೇಲಿ ಗದ್ದೆಗೆ ಯಾಕೆ ನೀರು?" ಎಂದು ಹೇಳಿ ಅವನು ಕೋಡಿಯ ಕಡೆ ನಡೆದ.

ರಹೀಮುನ್ನೀಸಾ ಮನೆಗೆ ಬಂದು ಹಿತ್ತಲ ಬಾವಿಗೆ ಬಿಂದಿಗೆ ಇಳಿಸಿದಳು. ಹಗ್ಗ ಎಂದಿಗಿಂತ ಬೇಗ ನೀರು ಮುಟ್ಟಿತು. ಮೇಲೆ ಬಂದ ನೀರು ಕೆಂಪಗಿತ್ತು.

"ಒಸ ನೀರು ಬಂದದೆ, ಎಲ್ಲಾರ್ ಬಾವೀಲೂ ಅಂಗೇ," ಎಂದಳು ಬೇಲಿಯಾಚೆಯಿಂದ ಪಟ್ಟಲಮ್ಮ. ರಹೀಮುನ್ನೀಸಾ ಸುಮ್ಮನಾಗದೆ ಪಟ್ಟಲಮ್ಮನ ಬಾವಿಗೆ ಹೋಗಿ ಸೇದಿದಳು. ಅಲ್ಲಿನ ನೀರು ತಿಳಿಯಾಗಿ ತಳ ಕಾಣುತ್ತಿತ್ತು.

ಬಿಂದಿಗೆಯನ್ನು ಅಲ್ಲೇ ಬಿಟ್ಟು, ಬೇಲಿ ದಾಟಿ, ಏರಿಯ ಬುಡದ ಹುಲ್ಲಿನಲ್ಲಿ ಹುಡುಕುತ್ತ ಹೊರಟಳು. ಬೆಳಗ್ಗೆ ನೋಡಿದ್ದ ಜಾಗಕ್ಕಿಂತ ಸ್ವಲ್ಪ ಆಚೆ, ಲಂಟಾನದ ಪೊದೆಯ ಹಿಂದೆ, ಊಟದ ತಟ್ಟೆಯಷ್ಟಗಲ ನೀರು ಕುದಿಯುತ್ತಿತ್ತು. ಹೌದು, ಕುದಿದಂತೆಯೇ: ಗುಳುಗುಳು ಎಂದು ಕೆಂಪು ಮಣ್ಣು ಕಕ್ಕುತ್ತ, ಸುತ್ತ ಮರಳನ್ನು ಇರುವೆಗೂಡಿನ ಹಾಗೆ ಒಟ್ಟುತ್ತ. ಅವಳು ಬಗ್ಗಿ ಅಂಗೈ ಇಟ್ಟಳು. ನೀರು ತಣ್ಣಗೆ, ಜೋರಾಗಿ, ಕೈಯನ್ನು ಮೇಲಕ್ಕೆ ದಬ್ಬಿತು.

ಆ ಬೆಂಡು ಯಾಕೆ ಈ ಕಡೆ ಬರುತ್ತಿತ್ತೆಂದು ಅವಳಿಗೆ ಆ ಕ್ಷಣ ತಿಳಿಯಿತು. ಏರಿಯೊಳಗೆ ತೂತಾಗಿತ್ತು.

ಅವಳು ಓಡಿದ್ದು ಪಟೇಲ ಶಿವಣ್ಣನ ಮನೆಗೆ. ಆತ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತ ಇನ್ನಿಬ್ಬರೊಡನೆ ಕೂತಿದ್ದ. ಏದುಸಿರಿನಲ್ಲಿ ಇವಳು ಹೇಳಿದ್ದನ್ನು ಕೇಳಿ ಜಗಲಿಯೆಲ್ಲ ನಕ್ಕಿತು.

"ಬೂಬಮ್ಮ, ನಿಂಗೆ ಸ್ವಪ್ನದಲ್ಲೂ ಏರಿ ಒಡೀತದೆ," ಎಂದ ಶಿವಣ್ಣ. "ಮಳೆಗಾಲದಲ್ಲಿ ಏರಿ ಬುಡ ಜಿನುಗ್ದೆ ಇನ್ನೇನು? ಓಗಮ್ಮ, ಅಟ್ಟಿಗೋಗಿ ಕೂತ್ಕೊ."

ಅವಳು ಹೋಗಲಿಲ್ಲ. ಗಂಡಸರ ಮುಂದೆ ಎಂದೂ ದನಿ ಎತ್ತದವಳು ಅವತ್ತು ಜಗಲಿಯ ಕಂಬ ಹಿಡಿದು ಹೇಳಿದಳು: "ಗೌಡ್ರೇ, ನಾನು ಪುಕ್ಲಿನೇ. ನೀರಗಂಟೀನ ಕಳ್ಸಿ. ಅವನು ನೋಡಿ ಏನಿಲ್ಲ ಅಂದ್ರೆ, ನಾನು ಈ ಊರ್ನೇ ಬಿಟ್ಟು ಹೋಗ್ತೀನಿ."

ಕೆಂಪಸಿದ್ದಯ್ಯನನ್ನು ಕರೆಸಿದರು. ಅವನು ಲಂಟಾನದ ಹಿಂದೆ ಕುಕ್ಕರುಗಾಲಲ್ಲಿ ಕೂತು ಆ ನೀರನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ. ಎದ್ದಾಗ ಅವನ ಮುಖ ಬಿಳಿಚಿಕೊಂಡಿತ್ತು.

"ಬುದ್ದಿ, ಜಿನುಗು ಅಲ್ಲ ಇದು," ಎಂದ. "ಜಿನುಗು ತಿಳಿಯಾಗಿರ್ತದೆ. ಇದು ಏರಿ ಒಳಗ್ಲು ಮಣ್ಣು. ಏರಿ ಕರಗ್ತಾ ಅದೆ."

ಆಮೇಲೆ ಯಾರೂ ನಗಲಿಲ್ಲ. ಹೆಂಗಸರು, ಮಕ್ಕಳು, ಮುದುಕರನ್ನು ಕೆರೆಯಾಚೆಯ ದಿಬ್ಬಕ್ಕೆ ಅಟ್ಟಿದರು. ಗಂಡಸರು ಹಾರೆ ಗುದ್ದಲಿ ಹಿಡಿದು ಏರಿ ಹತ್ತಿದರು. ಕೆಲವರು ಕೆರೆಯ ನೀರು ಇಳಿಸಲು ಕೋಡಿಯನ್ನು ಅಗಲ ಮಾಡಲು ಓಡಿದರು. ತಟ್ಟೆಯಗಲದ ಬುಗ್ಗೆ ಅಷ್ಟರಲ್ಲಿ ಮೊರದಗಲವಾಗಿತ್ತು. ಪಟ್ಟಲಮ್ಮ ಇವಳ ರಟ್ಟೆ ಹಿಡಿದು ಎಳೆದಳು, "ಬಾರಮ್ಮ, ದಿಬ್ಬಕ್ಕೆ ಬಾ!" ರಹೀಮುನ್ನೀಸಾ ಕೊಸರಿಕೊಂಡಳು. ಗಂಡ ಏರಿಯ ಮೇಲಿದ್ದ, ಅವಳೂ ಅಲ್ಲಿಗೇ ಹತ್ತಿದಳು.

ತೂತಿನ ಬಾಯಿ ನೀರೊಳಗೆ ಎಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ. ನಜೀರ್ ಗಾಳ ತೆಗೆದುಕೊಂಡು ಬೆಂಡನ್ನು ಒಂದೊಂದೇ ಕಡೆ ಎಸೆದ. ನಾಲ್ಕನೇ ಸಲ ಅದು ಒಂದು ಜಾಗಕ್ಕೆ ಬಂದು, ಗಿರ್ರನೆ ಸುತ್ತಿ, ಒಳಗೆ ಹೋಯಿತು. ಮೀನು ಎಳೆದಂತಲ್ಲ. ಮತ್ತೆ ಮೇಲೆ ಬರಲೇ ಇಲ್ಲ.

"ಅಲ್ಲೇ," ಎಂದ ನಜೀರ್.

ಅಲ್ಲಿಗೆ ಎರಡು ಹೊರೆ ಹುಲ್ಲು ತಳ್ಳಿದರು. ಎರಡನ್ನೂ ನೀರು ನುಂಗಿತು. ಏರಿಯ ಕೆಳಗಿನಿಂದ ಯಾರೋ ಕೂಗಿದ: "ಉಲ್ಲು ಈ ಕಡೆ ಈಚ್ಗೆ ಬತ್ತಾ ಅದೆ ಕಣ್ರಪ್ಪೋ!" ಹಿಂದೆಯೇ ಏರಿಯ ಹಿಂಬದಿಯ ಒಂದು ಕಡೆ ಮಣ್ಣು ಧೊಪ್ಪನೆ ಕುಸಿಯಿತು. ಗುದ್ದಲಿ ಬಿಸಾಕಿ ಇಬ್ಬರು ಓಡಿಹೋದರು.

"ಸೋರೋ ಪೈಪಿಗೆ ಹೊರಗಿಂದ ಎಷ್ಟು ಸುತ್ತಿದ್ರೂ ನಿಲ್ಲಲ್ಲ," ಎಂದು ನಜೀರ್ ತನ್ನಷ್ಟಕ್ಕೇ ಎಂಬಂತೆ ಜೋರಾಗಿ ಹೇಳುತ್ತಿದ್ದ. "ನೀರು ಬರೋ ಕಡೆಯಿಂದ್ಲೇ ಮುಚ್ಬೇಕು. ಅಗಲವಾದ್ದು ಬೇಕು. ದಪ್ಪದ್ದು. ಒಳಗೆ ಎಳ್ಕೊಂಡು ಹೋಗ್ಬಾರ್ದು, ಬಾಯಿಗೆ ಅಂಟ್ಕೋಬೇಕು."

ಹಾಸಿಗೆ, ಎಂದುಕೊಂಡಳು ರಹೀಮುನ್ನೀಸಾ. ಅವಳ ಮದುವೆಗೆ ಅಪ್ಪ ಮಾಡಿಸಿಕೊಟ್ಟ, ಇಬ್ಬರು ಸೇರಿ ಎತ್ತಬೇಕಾದ ಹತ್ತಿ ಹಾಸಿಗೆ. ಅದು ಇದ್ದದ್ದು ಕೆಳಗೆ, ಆ ಮನೆಯಲ್ಲಿ.

ಅವಳು ಏರಿ ಇಳಿದಳು. ಹಿತ್ತಲಲ್ಲಿ ಪಾದ ಮುಳುಗುವಷ್ಟು ಕೆಂಪು ನೀರು. ಒಳಗೆ ನಡುಮನೆ ಕತ್ತಲಾಗಿತ್ತು, ತೊಟ್ಟಿಯಲ್ಲಿ ಪಾತ್ರೆಯೊಂದು ತೇಲುತ್ತ ಗೋಡೆಗೆ ಟಕ್ಕೆಂದು ಬಡಿಯುತ್ತಿತ್ತು. ಬೆನ್ನ ಹಿಂದೆ ಇಡೀ ಕೆರೆ ಉಸಿರು ಹಿಡಿದು ನಿಂತಿರುವುದು ಅವಳಿಗೆ ಗೊತ್ತಾಗುತ್ತಿತ್ತು. ಅಲ್ಲಾ ಎಂದಳೋ, ಅಮ್ಮಾ ಎಂದಳೋ ಅವಳಿಗೇ ಆಮೇಲೆ ನೆನಪಿರಲಿಲ್ಲ. ಹಾಸಿಗೆಯನ್ನು ಮಂಚದಿಂದ ಎಳೆದಳು. ಬಾಗಿಲಲ್ಲಿ ಸಿಕ್ಕಿಕೊಂಡಿತು. ಬಾಯಿಗೆ ಬಂದಂತೆ ಅದನ್ನು ಬಯ್ಯುತ್ತ, ಅಳುತ್ತ, ಭುಜ ಕೊಟ್ಟು ದಬ್ಬಿದಳು. ಬಾಗಿಲಾಚೆ ಇನ್ನೆರಡು ಕೈ ಅದನ್ನು ಹಿಡಿದವು. ಪಟ್ಟಲಮ್ಮ!

"ನೀ ಎಂಗೆ ಬಂದೆ?" ಎಂದಳು ಇವಳು, ಅವಳದೇ ಮಾತಿನಲ್ಲಿ.

"ಎತ್ತೇ, ಬೇಗ ಎತ್ತು!" ಎಂದಳು ಅವಳು.

ಹಾಸಿಗೆಯ ನಾಲ್ಕು ಮೂಲೆಗೂ ಕಲ್ಲು, ಹಗ್ಗ ಕಟ್ಟಿದರು. ಕೆಂಪಸಿದ್ದಯ್ಯ ಸೊಂಟಕ್ಕೆ ಹಗ್ಗ ಬಿಗಿದು ನೀರಿಗಿಳಿದ. ಹಗ್ಗವನ್ನು ನಾಲ್ಕು ಜನ ಹಿಡಿದರು, ಅದರಲ್ಲಿ ಪಟೇಲನೂ ಒಬ್ಬ. ಹಾಸಿಗೆ ತೇಲುತ್ತ ಆ ಜಾಗದ ಮೇಲೆ ಹೋಗಿ, ನೀರು ಕುಡಿದು ಮುಳುಗಿ, ಒಮ್ಮೆಗೇ ಪಟ್ಟೆಂದು ತೂತಿನ ಬಾಯಿಗೆ ಅಂಟಿಕೊಂಡಿತು. ಹಗ್ಗಗಳು ಬಿಗಿದು ನಿಂತವು. ಎಲ್ಲರೂ ಕಿವಿಗೊಟ್ಟು ನಿಂತರು.

"ಕಮ್ಮಿಯಾಯ್ತು!" ಎಂದು ಕೆಳಗಿನಿಂದ ಕೂಗು ಬಂತು. "ಬುಗ್ಗೆ ಕಮ್ಮಿಯಾಯ್ತು ಕಣ್ರಪ್ಪೋ!"

ಅದರ ಮೇಲೆ ಹುಲ್ಲಿನ ಹೊರೆ, ಜೇಡಿಮಣ್ಣಿನ ಮೂಟೆ, ಮತ್ತೆ ಹುಲ್ಲು. ಹೊತ್ತು ಮುಳುಗುವಷ್ಟರಲ್ಲಿ ಕೋಡಿಯಿಂದ ನೀರು ಮೊಳದಷ್ಟು ಇಳಿದಿತ್ತು, ಬುಗ್ಗೆಯಿದ್ದ ಜಾಗ ಬರೀ ಒದ್ದೆಯಾಗಿ ಉಳಿದಿತ್ತು. ಏರಿ ನಿಂತಿತು.

ಮಾರನೇ ದಿನ ನಜೀರ್ ಎದ್ದವನೇ ಹಾರೆಯಿಂದ ಕೈ ಬೊಬ್ಬೆ ಬಂದದ್ದನ್ನು ನೋಡಿಕೊಳ್ಳುತ್ತ, "ಮದ್ದೂರಿಗೆ ಹೋಗೋಣ ನಡಿ," ಎಂದ. ಹೇಳುತ್ತಲೇ ಗಾಳವನ್ನು ತಾನೇ ಸುತ್ತಿಡತೊಡಗಿದ. ಅವನು ಹೆದರಿದ್ದನ್ನು ರಹೀಮುನ್ನೀಸಾ ಅದೇ ಮೊದಲು ನೋಡಿದ್ದು. ಅವಳಿಗೆ ಅಯ್ಯೋ ಅನ್ನಿಸಿತು. ಜೊತೆಗೆ ಒಂದು ಥರ ಸಮಾಧಾನವೂ ಆಯಿತು, ಇಷ್ಟು ವರ್ಷ ಒಬ್ಬಳೇ ಹೊತ್ತದ್ದಕ್ಕೆ ಇನ್ನೊಂದು ಹೆಗಲು ಸಿಕ್ಕಿದಂತೆ.

ಅವರು ಹೊರಡುವ ಸುದ್ದಿ ಕೇಳಿ ಪಟೇಲ ಶಿವಣ್ಣ ಬಂದ. ಒಳಗೆ ಬರದೆ ಅಂಗಳದಲ್ಲೇ ನಿಂತು ನೆಲ ನೋಡುತ್ತ, "ಆವತ್ತು ನಕ್ಬುಟ್ಟೆ ಕಣಮ್ಮ. ತಪ್ಪಾಯ್ತು," ಎಂದ. "ಕೆರೆ ಆಚೆ ದಿಬ್ಬದ ಮೇಲೆ ನಮ್ಮ ಚಿಕ್ಕಪ್ಪನ ಮನೆ ಖಾಲಿ ಬಿದ್ದದೆ. ಮಾಡು ಸೋರ್ತದೆ, ಒಸ ಎಂಚು ನಾವು ಒದಿಸ್ಕೊಡ್ತೀವಿ. ನೀವಿರಿ."

ರಹೀಮುನ್ನೀಸಾ ದಿಬ್ಬ ಹತ್ತಿ ಆ ಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಳು. ಇಲ್ಲಿಂದ ನೀರು ಕೆಳಗಿತ್ತು. ಆಚೆ ದಡದ ಏರಿ ಉದ್ದಕ್ಕೂ ಕಾಣುತ್ತಿತ್ತು. "ಇದಾದ್ರೆ ಆಗ್ಬಹುದು," ಎಂದಳು.

ಆ ಬೇಸಿಗೆಯಲ್ಲಿ ಏರಿಯ ರಿಪೇರಿಗೆಂದು ಕೆರೆಯನ್ನು ಪೂರ್ತಿ ಬತ್ತಿಸಿದರು. ಮೀನೆಲ್ಲ ಊರ ಪಾಲಾಯಿತು. ಕೆರೆಯ ಮನೆ ಬೇಕೆಂದು ಮೂರು ಊರು ಸುತ್ತಿದ್ದ ನಜೀರ್, ಬಿರುಕು ಬಿಟ್ಟ ಕೆಸರನ್ನು ನೋಡುತ್ತ ಬಾಗಿಲಲ್ಲಿ ಕೂತಿರುತ್ತಿದ್ದ. ಆ ನಾಲ್ಕು ತಿಂಗಳು ರಹೀಮುನ್ನೀಸಾ ಕಣ್ತುಂಬ ನಿದ್ದೆ ಮಾಡಿದಳು. ಅದಕ್ಕೆ ಗಂಡನ ಮುಂದೆ ನಾಚಿಕೆಯೂ ಪಟ್ಟಳು.

ಮುಂದಿನ ಮಳೆಗಾಲ ಕೆರೆ ಮತ್ತೆ ತುಂಬುತ್ತ ಬಂತು. ಭಯವೂ ಮರಳಿತು, ಹೋಗಿದ್ದ ನೆಂಟ ಬಂದ ಹಾಗೆ. ಮಗಳು ಮದ್ದೂರಿನಿಂದ ಬಂದು, ಇಷ್ಟು ಹೆದರಿಕೊಂಡು ಇಲ್ಲೇ ಯಾಕಮ್ಮ ಇರಬೇಕು ಎಂದು ಕೇಳಿದಾಗ, ಅವಳು ಏರಿಯ ಆಚೆ ಬುಡದಿಂದ ಮೇಲೇಳುತ್ತಿದ್ದ ಪಟ್ಟಲಮ್ಮನ ಮನೆಯ ಒಲೆಹೊಗೆಯನ್ನು ತೋರಿಸಿದಳು.

"ಅವಳು ಅಲ್ಲೇ ಇದಾಳಲ್ಲ," ಎಂದಳು. "ಇಲ್ಲಿಂದ ಯಾರಾದ್ರೂ ನೋಡ್ತಿರ್ಬೇಕು."