ತಂಗಿಯ ಮುಂದಿಟ್ಟ ನಿಂಬೆಹಣ್ಣು

"ಯವ್ವಾ, ಈ ಸಣ್ಣಾಕಿ ಬ್ಯಾಡ, ದೊಡ್ಡಾಕಿನ್ನ ಕರಿ," ಎಂದರು ಗುಡೇಕೋಟೆಯಿಂದ ಬಂದ ಕುರಿಗಾಹಿ ಹಿರಿಯರೊಬ್ಬರು ನನಗೆ, ನನ್ನ ತಂಗಿಯ ಮುಂದೆ ನಿಂಬೆಹಣ್ಣು ಇಟ್ಟು. ಮೂವತ್ತು ದಾಟಿದ ತಂಗಿ ಆಗ ಐದು ವರ್ಷದ ಮಗುವಿನಂತೆ ಮಾತಾಡುತ್ತ ಶೇಂಗಾ ಸುಲಿಯುತ್ತಿದ್ದಳು. ಕಳೆದುಹೋದ ಟಗರು ಎಲ್ಲಿದೆ ಎಂದು ಆ ಮಗುವನ್ನಲ್ಲ, ಅವಳ ಮೈಮೇಲೆ ಬರುವ 'ದೊಡ್ಡಾಕಿ' ದೇವಿಯನ್ನು ಕೇಳಬೇಕಿತ್ತಂತೆ.

ದೇವಿಯಲ್ಲ, ಒಬ್ಬರಲ್ಲೇ ಬೇರೆ ಬೇರೆ ವ್ಯಕ್ತಿತ್ವಗಳು ಕಾಣಿಸಿಕೊಳ್ಳುವ ಕಾಯಿಲೆ, ಕರೆದಾಗ ಬರುವಂಥದ್ದಲ್ಲ ಎಂದು ನೂರನೇ ಸಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾರ ಮಂಗಳವಾರ ಬರ್ಲೇನವ್ವಾ?" ಎಂದರು. ಸಿಟ್ಟಿಗೆ ಅದೇ ನಿಂಬೆಹಣ್ಣು ಹಿಂಡಿ, ಶರಬತ್ತು ಮಾಡಿ ಕುಡಿಸಿ ಕಳಿಸಿದೆ.

ಸಂಜೆ ತಂಗಿ ಎಂದಿನಂತಾದಳು. ಮಡಿಲಿನ ಶೇಂಗಾ ಸಿಪ್ಪೆ ನೋಡಿ, "ಯಾರು ಬಂದಿದ್ರಕ್ಕಾ? ನಾ ಏನಂದೆ?" ಎಂದು ಕೇಳಿದಳು. ಕಳೆದದ್ದನ್ನು ಹುಡುಕಿಕೊಡು ಎಂದು ಅವರು ಕೇಳಿದ್ದು, ಇಡೀ ಮಧ್ಯಾಹ್ನವನ್ನೇ ಕಳೆದುಕೊಂಡವಳನ್ನು.