ಅಳಿಯ ಬಳಿದ ಗೋಡೆ

ಒಣಗಲಿ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಆ ಹೆಸರಿನಿಂದ ಯಾರಾದರೂ ಕೂಗಿದರೆ ಅವರು ತಿರುಗಿ ನೋಡುವುದನ್ನೇ ಬಿಟ್ಟಿದ್ದರು. ಬಣ್ಣದಂಗಡಿಯವನಿಂದ ಹಿಡಿದು ಪಕ್ಕದ ಮನೆಯ ಮಕ್ಕಳವರೆಗೆ ಎಲ್ಲರ ಬಾಯಲ್ಲೂ ಅವರು ಒಣಗಲಿ ಮೇಸ್ತ್ರಿ.

ಅವರದು ಜಿಪ್ಸಂ ಬೋರ್ಡಿನ ಗೋಡೆ ಕೆಲಸ. ಈಗಿನ ದೊಡ್ಡ ಮನೆಗಳ ಒಳಗೋಡೆ ಇಟ್ಟಿಗೆಯದಲ್ಲ; ತಗಡಿನ ಚೌಕಟ್ಟಿಗೆ ಬೋರ್ಡುಗಳನ್ನಿಟ್ಟು ಸ್ಕ್ರೂ ತಿರುಗಿಸಿದರೆ ಗೋಡೆ ನಿಂತಿತು. ನಿಲ್ಲಿಸುವುದು ಯಾರಿಗಾದರೂ ಬರುತ್ತದೆ. ಎರಡು ಬೋರ್ಡು ಸೇರುವ ಸಂದನ್ನು ಮಾಯ ಮಾಡುವುದು ಕಷ್ಟ. ಸಂದಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ಪುಟ್ಟಿ ಬಳಿಯಬೇಕು. ಅದು ಒಣಗಬೇಕು. ಉಜ್ಜಿ, ಇನ್ನೂ ಅಗಲಕ್ಕೆ ಬಳಿಯಬೇಕು. ಅದೂ ಒಣಗಬೇಕು. ಮತ್ತೊಮ್ಮೆ ಇನ್ನೂ ಅಗಲಕ್ಕೆ. ಪೂರ್ತಿ ಚೆನ್ನಾಗಿ ಮಾಡಿದರೆ ಏನೂ ಮಾಡಿಲ್ಲವೇನೋ ಅನ್ನಿಸುವಂಥ ಕೆಲಸ ಇದು. ಇದಕ್ಕೆ ಹೊಗಳಿಕೆ ಸಿಗುವುದಾದರೂ ಹೇಗೆ? ಮನೆಗೆ ಬಂದ ನೆಂಟರು ‘ಆಹಾ, ನಿಮ್ಮ ಮನೆಯಲ್ಲಿ ಸಂದೇ ಕಾಣುತ್ತಿಲ್ಲವಲ್ಲ’ ಎಂದು ಉದ್ಗರಿಸಿದ್ದನ್ನು ಯಾರೂ ಕೇಳಿಲ್ಲ.

ಇನ್ನೂ ಎಷ್ಟು ಹೊತ್ತು ಎಂದು ಮನೆಯವರು ಅವಸರಿಸಿದರೆ ಮೇಸ್ತ್ರಿಯದು ಒಂದೇ ಉತ್ತರ: ‘ಒಣಗಲಿ.’ ಗೋಡೆಗೆ ಹೇಳಿ ಹೇಳಿ ಆ ಮಾತು ಬದುಕಿಗೂ ಅಂಟಿಕೊಂಡಿತ್ತು. ತಮ್ಮ ಮದುವೆಗೆ ಹುಡುಗಿ ನೋಡಿ ಬಂದ ಮೇಸ್ತ್ರಿ ಒಪ್ಪಿಗೆಯೋ ಇಲ್ಲವೋ ಹೇಳದೆ ವಾರಗಟ್ಟಲೆ ಕೂತರಂತೆ. ಕೊನೆಗೆ ಹುಡುಗಿಯೇ ‘ಅವರದ್ದು ಒಣಗಿತಾ ಕೇಳ್ಕೊಂಡು ಬನ್ನಿ’ ಎಂದು ಹೇಳಿ ಕಳಿಸಿದಳಂತೆ. ಈ ಕತೆಯನ್ನು ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಾಳೆ. ಮೇಸ್ತ್ರಿ ನಗುತ್ತಾರೆ. ಅದಕ್ಕೆ ಕೊಡಬೇಕಾದ ಉತ್ತರ ಅವರಲ್ಲಿನ್ನೂ ಒಣಗಿಲ್ಲ.

ಇನ್ನೊಂದು ಚಾಳಿಯೂ ಅವರಿಗಿತ್ತು. ಯಾರ ಮನೆಗೆ ಹೋದರೂ ಅವರ ಅಂಗೈ ತಾನಾಗಿ ಗೋಡೆಗೆ ಹೋಗುತ್ತಿತ್ತು. ಒಮ್ಮೆ ಗೆಳೆಯನೊಬ್ಬ ತೀರಿಕೊಂಡಾಗ ಮಾತಾಡಿಸಲು ಹೋದವರು ಗೋಡೆಗೆ ಕೈಯಿಟ್ಟು ತಲೆ ತಗ್ಗಿಸಿ ನಿಂತುಬಿಟ್ಟರು. ದುಃಖ ತಡೆಯಲಾಗುತ್ತಿಲ್ಲ ಎಂದುಕೊಂಡು ಯಾರೋ ನೀರು ತಂದುಕೊಟ್ಟರು. ದುಃಖವಿದ್ದದ್ದು ನಿಜವೇ. ಆದರೆ ಕೈ ಮಾತ್ರ ತನ್ನ ಪಾಡಿಗೆ ತಾನು ಸಂದು ಹುಡುಕುತ್ತಿತ್ತು.

ಈ ಚಾಳಿಯೇ ಅವರ ಮತ್ತು ಅಳಿಯನ ನಡುವೆ ಮಾತು ನಿಲ್ಲಿಸಿದ್ದು.

ಅಳಿಯನದೂ ಗೋಡೆಯದೇ ದಂಧೆ. ಆದರೆ ಅವನು ಕಂಟ್ರಾಕ್ಟರು. ಮಾವನ ಬಾಯಲ್ಲಿ ‘ಒಣಗಲಿ’ ಹೇಗೋ ಅವನ ಬಾಯಲ್ಲಿ ‘ಆಯ್ತು’ ಹಾಗೆ. ಯಾವ ಕೆಲಸಕ್ಕೆ ಟೆಂಡರು ಕರೆದರೂ ಎಲ್ಲರಿಗಿಂತ ಕಮ್ಮಿ ರೇಟು ಅವನದು. ಒಪ್ಪಿಕೊಂಡ ಮೇಲೆ ಅದರಲ್ಲಿ ಗಿಟ್ಟಬೇಕಲ್ಲ? ಮೂರು ಸಲ ಬಳಿಯುವಲ್ಲಿ ಒಂದು ಸಲ ದಪ್ಪಗೆ ಬಳಿದು, ಫ್ಯಾನಿನ ಗಾಳಿ ಹೊಡೆಸಿ, ಬಣ್ಣದವರನ್ನು ಒಳಗೆ ಬಿಟ್ಟು ಮುಂದಿನ ಮನೆಗೆ ಓಡುತ್ತಿದ್ದ. ಅವನೊಬ್ಬನನ್ನೇ ಬೈದು ಪ್ರಯೋಜನವಿಲ್ಲ. ನೆಲಕ್ಕೆ ಸಮುದ್ರದಾಚೆಯಿಂದ ಕಲ್ಲು ತರಿಸುವವರು, ಹಂಸದ ಕತ್ತಿನಂಥ ನಲ್ಲಿ ಹುಡುಕಿಕೊಂಡು ಊರೂರು ಅಲೆಯುವವರು, ಗೋಡೆಯ ವಿಷಯ ಬಂದರೆ ‘ಯಾರು ಕಮ್ಮಿಗೆ ಮಾಡ್ತಾರೋ ನೋಡಿ’ ಅನ್ನುತ್ತಾರೆ. ನಾವೂ ನೀವೂ ಅಷ್ಟೇ. ಕಾಣುವುದಕ್ಕೆ ಧಾರಾಳ, ಕಾಣದ್ದಕ್ಕೆ ಚೌಕಾಶಿ.

ಮಗಳ ಮದುವೆಯಾದ ಹೊಸತರಲ್ಲಿ ಮೇಸ್ತ್ರಿ ಮೊದಲ ಸಲ ಅವಳ ಮನೆಗೆ ಹೋದರು. ಮಗಳು ಅಪ್ಪನ ಕೈಹಿಡಿದು ತಮ್ಮ ಕೋಣೆಗೆ ಕರೆದೊಯ್ದು, “ಹೇಗಿದೆಯಪ್ಪಾ?” ಎಂದಳು. ಬೇರೆ ಯಾವ ತಂದೆಯಾದರೂ ಕಿಟಕಿ ನೋಡುತ್ತಿದ್ದ, ಇಲ್ಲವೇ ಮಗಳ ಮುಖ ನೋಡುತ್ತಿದ್ದ. ಮೇಸ್ತ್ರಿ ಜೇಬಿನಿಂದ ಟಾರ್ಚು ತೆಗೆದು, ಗೋಡೆಗೆ ಒತ್ತಿ ಹಿಡಿದು, ಅಡ್ಡಕ್ಕೆ ಬೆಳಕು ಬಿಟ್ಟರು. ನೇರ ಬೆಳಕಿನಲ್ಲಿ ಎಂಥ ಗೋಡೆಯೂ ಸಾಧುವೇ. ಬೆಳಕು ಗೋಡೆಯನ್ನು ಸವರಿಕೊಂಡು ಹೋದಾಗ ಮಾತ್ರ ಒಂದೊಂದು ಉಬ್ಬಿನ ಹಿಂದೆಯೂ ನೆರಳು ಏಳುತ್ತದೆ.

“ಅಯ್ಯಯ್ಯೋ! ಇದ್ಯಾವ ಪುಣ್ಯಾತ್ಮ ಕಣ್ಣು ಮುಚ್ಕೊಂಡು ಬಳ್ದಿದ್ದು?”

ಆ ಪುಣ್ಯಾತ್ಮ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದ. ಊರವರ ಗೋಡೆಗಳ ನಡುವೆ ಬಿಡುವು ಮಾಡಿಕೊಂಡು, ಬರುವ ಹೆಂಡತಿಗಾಗಿ, ಆಳುಗಳ ಕೈಗೆ ಕೊಡದೆ ಅವನೊಬ್ಬನೇ ಮಾಡಿದ್ದ ಗೋಡೆ ಅದು. ಮಗಳ ಮುಖ ನೋಡಿದ ಮೇಲೆ ಮೇಸ್ತ್ರಿಗೆ ವಿಷಯ ತಿಳಿಯಿತು. ಆಗಲೇ ಒಂದು ಮಾತು ಆಡಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವರು ಆಡಲಿಲ್ಲ. ಅಳಿಯನ ಸಿಟ್ಟು ತಾನಾಗಿ ಒಣಗಲಿ ಎಂದು ಮನೆಗೆ ಬಂದರು.

ಮುಂದಿನ ಸಲ ಹೋದಾಗ, ಅಂದು ಟಾರ್ಚಿನ ಬೆಳಕಿಗೆ ಎಲ್ಲಕ್ಕಿಂತ ಎದ್ದು ಕಂಡಿದ್ದ ಉಬ್ಬಿನ ಮೇಲೆ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು. ಮೊಣಕಾಲೆತ್ತರಕ್ಕೆ ಕ್ಯಾಲೆಂಡರ್ ಹಾಕಿದ ಮನೆ ಲೋಕದಲ್ಲಿ ಅದೊಂದೇ ಇರಬೇಕು. ತಾರೀಖು ನೋಡಬೇಕಾದರೆ ಮಗಳು ಕುಕ್ಕರಗಾಲಲ್ಲಿ ಕೂರಬೇಕಿತ್ತು. ಮಾತುಕತೆಯೆಲ್ಲ ಅವಳ ಮೂಲಕವೇ ಸಾಗತೊಡಗಿತು.

“ಇನ್ನೊಂದ್ಸ್ವಲ್ಪ ಬಡಿಸ್ಲಾ ಅಂತ ನಿಮ್ಮಪ್ಪನ್ನ ಕೇಳು.”

“ಸಾಕು ಅಂತ ಹೇಳಮ್ಮ.”

“ಸಾಕಂತೆ ರೀ.”

“ಕೇಳಿಸ್ತು.”

“ಕೇಳಿಸ್ತಂತಪ್ಪಾ.”

ಹೀಗೇ ವರ್ಷವೂ ಕಳೆಯಿತು. ಅಷ್ಟರಲ್ಲಿ ಅಳಿಯ ಊರ ಹೊರಗಿನ ಬಡಾವಣೆಯಲ್ಲಿ ಒಂದು ಭಾರೀ ಮನೆಯ ಕೆಲಸ ಹಿಡಿದ. ಎಂದಿನಂತೆ ಎಲ್ಲರಿಗಿಂತ ಕಮ್ಮಿ ರೇಟಿಗೆ ಹಿಡಿದು, ಎಂದಿನಂತೆ ‘ಆಯ್ತು’ ಅಂದ. ಆ ಮನೆಯ ಹಜಾರಕ್ಕೆ ನೆಲದಿಂದ ಚಾವಣಿವರೆಗೆ ಗಾಜಿನ ಕಿಟಕಿ ಇರುವುದನ್ನು ಅವನು ನೋಡಿದ್ದ; ಅದು ಪಶ್ಚಿಮಕ್ಕಿರುವುದನ್ನು ಲೆಕ್ಕಕ್ಕಿಟ್ಟಿರಲಿಲ್ಲ. ಕೆಲಸ ಮುಗಿಸಿದ ಮೇಲೆ, ಇಳಿಬಿಸಿಲು ಗೋಡೆಯನ್ನು ಸವರಿದಾಗ ಸ್ಕ್ರೂ ತಲೆಗಳೂ ಸಂದುಗಳೂ ಒಟ್ಟಿಗೇ ಎದ್ದು ನಿಂತವು. ನಾಲ್ಕಾರು ಕಡೆ ಬಿರುಕೂ ಕಾಣಿಸಿತು.

“ಸಂಜೆ ಆಗ್ತಿದ್ದ ಹಾಗೇ ನಮ್ಮ ಗೋಡೆಗೆ ಸಿಡುಬು ಏಳುತ್ತೆ ಕಣಪ್ಪಾ,” ಎಂದಳು ಮನೆಯೊಡತಿ. “ಮುಂದಿನ ಭಾನುವಾರ ನೆಂಟರೆಲ್ಲ ಬರ್ತಾರೆ. ಅಷ್ಟರಲ್ಲಿ ಸರಿ ಹೋಗ್ಲಿಲ್ಲ ಅಂದ್ರೆ ಕಿತ್ತು ಹಾಕಿ ಬೇರೆಯವರ ಕೈಲಿ ಮಾಡಿಸ್ತೀನಿ. ಅಕ್ಕಪಕ್ಕದವರೂ ನಿನ್ನ ವಿಷಯ ಕೇಳ್ತಿದ್ದಾರೆ. ಏನು ಹೇಳ್ಲಿ ಅವರಿಗೆ?”

ಅಳಿಯ ಮನೆಯಲ್ಲಿ ಊಟ ಬಿಟ್ಟ. ಮಗಳು ಕೆದಕಿ ಕೆದಕಿ ವಿಷಯ ತಿಳಿದುಕೊಂಡು, ತುಂಬಿದ ಬಸುರಿ, ಏದುಸಿರು ಬಿಡುತ್ತ ಅಪ್ಪನ ಮನೆಗೆ ಬಂದಳು.

“ಅವರೇ ಒಂದು ಮಾತು ಕರೀಲಿ, ಬರ್ತೀನಿ,” ಎಂದರು ಮೇಸ್ತ್ರಿ.

“ಅವರು ಕರೆಯೋಲ್ಲ, ನೀನು ಹೋಗೋಲ್ಲ. ಇನ್ನೇನು ಮಗು ಬರುತ್ತೆ. ಆಮೇಲೆ ನಾನು ಮಗು ನೋಡ್ಕೊಳ್ಳೋದಾ, ನಿಮ್ಮಿಬ್ಬರ ಟಪಾಲು ಹಂಚ್ತಾ ಕೂರೋದಾ? ಮಗುವಿಗೆ ಮಾತು ಬಂದ್ರೆ ಅದನ್ನೂ ಈ ಕೆಲಸಕ್ಕೆ ಹಚ್ತೀರಾ?”

“ನೋಡೋಣ, ಸ್ವಲ್ಪ ಒಣ—”

“ಅಪ್ಪಾ!”

“ಒಣಗಿ ಕಲ್ಲಾಗಿದೆ, ಹೋಗ್ರೀ,” ಎಂದು ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

ಮೇಸ್ತ್ರಿ ಏಳಲೇಬೇಕಾಯಿತು. ಬಕೆಟ್ಟಿನಲ್ಲೇ ಬಿಟ್ಟು ಗಟ್ಟಿಯಾದ ಪುಟ್ಟಿ ಯಾವ ಗೋಡೆಗೂ ಬರುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆ ಮನೆಯ ಹಜಾರಕ್ಕೆ ಕಾಲಿಟ್ಟಾಗ ಅಳಿಯ ಏಣಿಯ ಮೇಲಿದ್ದ. ಒಂದು ದೈತ್ಯ ಫ್ಯಾನು ಗೋಡೆಗೆ ಮುಖ ಮಾಡಿ ಬುಸುಗುಡುತ್ತಿತ್ತು. ಮೇಸ್ತ್ರಿ ಹೋಗಿ ಸ್ವಿಚ್ಚು ಆರಿಸಿದರು. ಅಳಿಯ ಇಳಿದು ಬಂದು ಹಾಕಿದ. ಮೇಸ್ತ್ರಿ ಆರಿಸಿದರು. ಅಳಿಯ ಹಾಕಿದ. ಕಿಟಕಿಯ ಬಳಿ ಬೆತ್ತದ ಕುರ್ಚಿಯಲ್ಲಿ ಮನೆಯೊಡತಿಯ ತಾಯಿ ಕೂತಿದ್ದರು. ಹಣ್ಣು ಹಣ್ಣು ಮುದುಕಿ, ಕಣ್ಣು ಮಾತ್ರ ಚುರುಕು. ಚೆಂಡಾಟ ನೋಡುವವರಂತೆ ಅತ್ತಿತ್ತ ಕತ್ತು ತಿರುಗಿಸಿ ಸಾಕಾಗಿ ಕೇಳಿದರು: “ಯಾಕ್ರಯ್ಯಾ, ಇಬ್ಬರಿಗೂ ಬಾಯಿಲ್ವಾ?”

“ಅಮ್ಮಾ, ಅಲ್ಲಿರೋರಿಗೆ ಹೇಳಿ, ಗಾಳಿ ಹೊಡೆಸಿದ್ರೆ ಮೇಲೆ ಒಣಗುತ್ತೆ, ಒಳಗೆ ಹಸಿಯಾಗೇ ಇರುತ್ತೆ. ಬಿರುಕು ಬಿಟ್ಟಿರೋದೇ ಅದಕ್ಕೆ.”

“ಅಜ್ಜೀ, ಅವರಿಗೆ ಹೇಳಿ, ಪುಟ್ಟಿ ಒಣಗೋವರ್ಗೂ ನೆಂಟರು ಬಸ್‌ಸ್ಟ್ಯಾಂಡಲ್ಲಿ ಕಾಯೋಲ್ಲ.”

ಅಜ್ಜಿಗೆ ವಿಷಯ ಅರ್ಥವಾಯಿತು. ಮುಖ ಅರಳಿತು. “ಓ, ಹಂಗಾ? ನಾನೂ ನಮ್ಮತ್ತೆಯೂ ವರ್ಷಗಟ್ಟಲೆ ಹೀಗೇ ಬೆಕ್ಕಿನ ಕೈಲಿ ಹೇಳ್ಸಿದ್ವಿ. ಬೆಕ್ಕು ಸತ್ತಮೇಲೆ ತುಂಬಾ ಕಷ್ಟ ಆಯ್ತು. ಹೂಂ, ಹೇಳಿ ಹೇಳಿ, ಏನೇನು ಹೇಳ್ಬೇಕು?”

ಬೆಕ್ಕಿನ ಕೆಲಸಕ್ಕೆ ಅಜ್ಜಿ ಸೇರಿಕೊಂಡ ಮೇಲೆ ಗೋಡೆಯ ಕೆಲಸವೂ ಸಾಗಿತು. ಮೇಸ್ತ್ರಿ ಮೊದಲು ಮಾಡಿದ್ದು, ಇದ್ದ ಬಿರುಕುಗಳನ್ನು ಚಾಕುವಿನಿಂದ ಇನ್ನಷ್ಟು ಅಗಲ ಮಾಡಿದ್ದು. ಅಳಿಯ ಓಡಿ ಬಂದ.

“ಅಜ್ಜೀ, ಇರೋ ಬಿರುಕೇ ಸಾಕಾಗಿದೆ ಅಂತ ಹೇಳಿ!”

“ಮೇಲಿಂದ ಮೇಲೆ ಬಳಿದ್ರೆ ನಾಳೆ ಅದೇ ಜಾಗದಲ್ಲಿ ಬಾಯಿ ಬಿಡುತ್ತೆ. ಒಳಗಿನವರ್ಗೂ ಬಿಡಿಸಿದ್ರೇನೇ ಪುಟ್ಟಿ ಹೋಗಿ ಕೂರೋದು ಅಂತ ಹೇಳಿ ಅಮ್ಮಾ.”

“ಕೇಳಿಸ್ತಲ್ಲಪ್ಪಾ? ಇಷ್ಟುದ್ದದ್ದು ಮತ್ತೆ ಹೇಳೋಕೆ ನನಗೆ ಉಸಿರಿಲ್ಲ.”

ಅಳಿಯ ಇನ್ನೊಂದು ಚಾಕು ತೆಗೆದುಕೊಂಡು ಮತ್ತೊಂದು ತುದಿಯಿಂದ ಬಿಡಿಸಲು ನಿಂತ. ಒಳ್ಳೆ ಆಳಕ್ಕೇ ಬಿಡಿಸುತ್ತಿದ್ದ. ಮೇಸ್ತ್ರಿ ಓರೆಗಣ್ಣಲ್ಲಿ ನೋಡಿದರು.

ಎಲ್ಲಕ್ಕಿಂತ ಕಷ್ಟದ್ದು ಎರಡು ಗೋಡೆ ಸೇರುವ ಒಳಮೂಲೆ. ಒಂದು ಬದಿ ನೀಟಾಗಿ ಬಳಿದು, ಇನ್ನೊಂದು ಬದಿಗೆ ಹೋಗುವಾಗ ಕರಣೆಯ ತುದಿ ತಾಗಿ ಮೊದಲಿನದು ಕೆಡುತ್ತದೆ. ಅಳಿಯ ಕಾಗದದ ಪಟ್ಟಿ ತರಲು ಹೊರಗೆ ಹೋಗಿದ್ದಾಗ ಮೇಸ್ತ್ರಿ ಅಜ್ಜಿಗೆ ಹೇಳಿದರು: “ಆ ಮೂಲೆ ಅವನ ಕೈಲಾಗೋದಲ್ಲ. ನಾನೇ ಮಾಡ್ತೀನಿ, ಮುಟ್ಟೋದು ಬೇಡ ಅಂತ ಹೇಳಿಬಿಡಿ ಅಮ್ಮಾ.” ಹೇಳಿ, ಬಕೆಟ್ಟು ತೊಳೆಯಲು ಹಿತ್ತಲಿಗೆ ಹೋದರು.

ವಾಪಸು ಬಂದು ನೋಡಿದರೆ ಅಳಿಯ ಅದೇ ಮೂಲೆಯಲ್ಲಿ ಕರಣೆ ಹಿಡಿದು ನಿಂತಿದ್ದ. ಮೇಸ್ತ್ರಿಗೆ ರೇಗಿತು. ಕೂಗಲು ಬಾಯಿ ತೆರೆದವರು ಹಾಗೇ ನಿಂತರು. ಅಳಿಯ ಮೂಲೆಯ ಒಂದು ಬದಿಯನ್ನು ಮಾತ್ರ ಮೇಲಿಂದ ಕೆಳಗೆ ಒಂದೇ ಎಳೆತದಲ್ಲಿ, ಉಸಿರು ಬಿಗಿಹಿಡಿದು ಎಳೆದ. ಇನ್ನೊಂದು ಬದಿಯನ್ನು ಮುಟ್ಟಲಿಲ್ಲ. ‘ಆಯ್ತು’ ಅನ್ನಲೂ ಇಲ್ಲ. ಏಣಿ ಇಳಿದು, ಕೈಕಟ್ಟಿಕೊಂಡು, ಗೋಡೆ ನೋಡುತ್ತ ನಿಂತುಬಿಟ್ಟ.

“ಅಮ್ಮಾ, ಅದ್ಯಾಕೆ ನಿಂತ್ರು ಕೇಳಿ,” ಎಂದರು ಮೇಸ್ತ್ರಿ, ದನಿ ತಗ್ಗಿಸಿ.

“ಯಾಕಯ್ಯಾ ನಿಂತೆ?”

ಅಳಿಯ ನೆಲ ನೋಡಿದ. “ಒಣಗಲಿ ಅಂತ.”

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮೇಸ್ತ್ರಿ ತಟಕ್ಕನೆ ಬೆನ್ನು ತಿರುಗಿಸಿ, ತೊಳೆದು ತಂದ ಬಕೆಟ್ಟನ್ನು ಮತ್ತೆ ತೊಳೆಯಲು ಹೊರಟರು.

ಶನಿವಾರ ಇಳಿಬಿಸಿಲಿನ ಹೊತ್ತಿಗೆ ಎಲ್ಲರೂ ಹಜಾರದಲ್ಲಿ ಸೇರಿದರು. ಮನೆಯೊಡತಿಯೂ ಬಂದಳು. ಬಿಸಿಲು ಕಿಟಕಿಯಿಂದ ಇಳಿದು, ಗೋಡೆಯ ಈ ತುದಿಗೆ ತಾಗಿ, ನಿಧಾನವಾಗಿ ಸವರಿಕೊಂಡು ಆ ತುದಿಗೆ ಹೋಯಿತು. ದಾರಿಯಲ್ಲಿ ಅದಕ್ಕೆ ಎಡವಲು ಏನೂ ಸಿಗಲಿಲ್ಲ.

“ಸಿಡುಬು ವಾಸಿಯಾಯ್ತಲ್ಲ!” ಎಂದಳು ಮನೆಯೊಡತಿ. “ಪಕ್ಕದವರಿಗೆ ಹೇಳ್ತೀನಿ. ಆದರೆ ಅಲ್ಲಿಗೂ ನೀವಿಬ್ಬರೂ ಒಟ್ಟಿಗೇ ಬರ್ಬೇಕು. ರೇಟು ನೋಡಿ ಹೆದರ್ಬೇಡಿ ಅಂತ ನಾನೇ ಹೇಳಿರ್ತೀನಿ.”

ಮೇಸ್ತ್ರಿ ಟಾರ್ಚು ತೆಗೆದು ಮೂಲೆಗೆ ಹೋದರು. ಮೇಲಿಂದ ಕೆಳಗಿನವರೆಗೆ ಬೆಳಕು ಬಿಟ್ಟರು. ಅಂಗೈ ಇಟ್ಟು ಸವರಿದರು. ಅಳಿಯ ಪರೀಕ್ಷೆ ಬರೆದು ಬಂದವನಂತೆ ಅವರ ಅಂಗೈಯನ್ನೇ ನೋಡುತ್ತಿದ್ದ. ಮೇಸ್ತ್ರಿ ಅಜ್ಜಿಯ ಕಡೆ ತಿರುಗಿದರು. ಮತ್ತೆ ಏನೋ ಮನಸ್ಸು ಬದಲಿಸಿ, ನೇರವಾಗಿ ಅಳಿಯನ ಮುಖವನ್ನೇ ನೋಡಿದರು.

“ಮೂಲೆ ಚೆನ್ನಾಗಿ ಬಂದಿದೆ.”

ಮಗಳ ಕೋಣೆಯ ಬಾಗಿಲಲ್ಲಿ ಅಳಿಯನ ಕೈಯ ಕಾಫಿ ಆರಿದ ದಿನದಿಂದ ಅವರಾಡಿದ ಮೊದಲ ನೇರ ಮಾತು ಅದು.

“ಆಗ್ಲೇ ಹೇಳಿದ್ರಂತಲ್ಲ ಮಾವ,” ಎಂದ ಅಳಿಯ. “ಒಳ್ಳೇ ಕೈ, ಮೂಲೆ ಅವನಿಗೇ ಬಿಟ್ಟಿದ್ದೀನಿ ಅಂತ. ಅಜ್ಜಿ ಹೇಳಿದ್ರು.”

ಮೇಸ್ತ್ರಿ ಅಜ್ಜಿಯನ್ನು ನೋಡಿದರು. ಅಜ್ಜಿಗೆ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಾಣುತ್ತಿತ್ತು. ಕತ್ತು ಈ ಕಡೆ ತಿರುಗಲೊಲ್ಲದು.

“ಹೂಂ,” ಎಂದರು ಮೇಸ್ತ್ರಿ. “ಹೇಳಿದ್ದೆ.”

“ಆತುರ ಒಂದು ಕಮ್ಮಿ ಆಗ್ಲಿ ಅಂದ್ರಂತೆ.”

“ಅದನ್ನಂತೂ ಹೇಳೇ ಇರ್ತೀನಿ ಬಿಡಯ್ಯಾ.”

ಇಬ್ಬರೂ ಅಲ್ಲಿಂದ ಒಂದೇ ಸ್ಕೂಟರಿನಲ್ಲಿ, ನಡುವೆ ಬಕೆಟ್ಟು ಇಟ್ಟುಕೊಂಡು, ಮಗಳ ಮನೆಗೆ ಬಂದರು. ಅಳಿಯ ಸೀದಾ ಕೋಣೆಗೆ ಹೋಗಿ ಕ್ಯಾಲೆಂಡರ್ ತೆಗೆದ, ನೆಲಕ್ಕೆ ಹಳೇ ಬೆಡ್‌ಶೀಟು ಹಾಸಿದ, ಕರಣೆ ತಂದು ಮಾವನ ಮುಂದೆ ಹಿಡಿದ. “ಇದನ್ನೂ ಸರಿ ಮಾಡಿಕೊಡಿ ಮಾವ. ಮಗು ಬರೋಷ್ಟರಲ್ಲಿ.”

ಮೇಸ್ತ್ರಿ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದರು. ಉಬ್ಬುಗಳೆಲ್ಲ ಎದ್ದು ಬಂದವು, ಅಂದಿನಂತೆಯೇ. ಈ ಸಲ ಅವರು ಬಗ್ಗಿ ನೋಡಿದರು. ಕ್ಯಾಲೆಂಡರಿನ ಜಾಗದಲ್ಲಿ ನಾಲ್ಕು ಸಣ್ಣ ಗೀರುಗಳಿದ್ದವು, ಒಂದರ ಪಕ್ಕ ಒಂದು. ಕರಣೆಯವಲ್ಲ.

“ಅಲ್ಲಿ ಕರಣೆ ಆಡ್ತಿರ್ಲಿಲ್ಲ, ಬೆರಳಲ್ಲೇ ಸವರಿಬಿಟ್ಟೆ,” ಎಂದ ಅಳಿಯ, ನಾಚಿಕೊಂಡು. “ಮಾರನೇ ದಿನ ಇವಳು ಬರೋಳಿದ್ದಳು.”

ಮೇಸ್ತ್ರಿ ಆ ಗೀರುಗಳಲ್ಲಿ ತಮ್ಮ ನಾಲ್ಕು ಬೆರಳಿಟ್ಟು ನೋಡಿದರು. ಆಮೇಲೆ ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡರು.

“ಇದನ್ನ ಈಗ ಮುಟ್ಟೋ ಹಾಗಿಲ್ಲ.”

“ಯಾಕೆ ಮಾವ?”

“ಇನ್ನೂ ಒಣಗಿಲ್ಲ.”

“ಮಾವಾ, ಬಳಿದು ವರ್ಷದ ಮೇಲಾಯ್ತು!”

“ನನಗೆ ಹೇಳ್ತೀಯಾ? ಈ ಕೆಲಸದಲ್ಲಿ ಕೂದಲು ಬೆಳ್ಳಗಾಗಿದೆ ನಂದು. ಒಣಗಿಲ್ಲ ಅಂದ್ರೆ ಒಣಗಿಲ್ಲ.”

“ಮುಟ್ಟಿ ನೋಡಿ, ಕಲ್ಲಿನ ಹಾಗಿದೆ!”

“ಮೇಲೆ ಹಾಗನ್ಸುತ್ತೆ ಕಣಯ್ಯಾ...”

ಮಗಳು ನಡುವೆ ಏನೋ ಹೇಳಲು ನೋಡಿದಳು. ಯಾರೂ ಅವಳ ಕಡೆ ತಿರುಗಲಿಲ್ಲ. ಅವಳು ನೆಲದಿಂದ ಕ್ಯಾಲೆಂಡರ್ ಎತ್ತಿಕೊಂಡು, ಎದುರು ಗೋಡೆಯಲ್ಲಿ, ನಿಂತೇ ತಾರೀಖು ನೋಡುವಷ್ಟು ಎತ್ತರದಲ್ಲಿ ಒಂದು ಮೊಳೆ ಹುಡುಕತೊಡಗಿದಳು.