ಚೌಳು ನೀರು ಕುಡಿದ ಎಂಜಿನ್

ನಾನು ಚಿಕ್ಕವನಿದ್ದಾಗ ನಮ್ಮೂರಿನ ಸ್ಟೇಷನ್ನಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ರೈಲು ಬರುತ್ತಿತ್ತು. ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಸಣ್ಣ ಗಾಡಿ. ಹಳಿಗಳು ಎಷ್ಟು ಹತ್ತಿರವಿದ್ದವೆಂದರೆ, ನಾನು ಕಾಲು ಅಗಲಿಸಿ ಎರಡು ಹಳಿಗಳ ಮೇಲೂ ಒಟ್ಟಿಗೆ ನಿಲ್ಲುತ್ತಿದ್ದೆ. ಆದರೆ ಎಂಜಿನ್ ನನ್ನ ಕಣ್ಣಿಗೆ ಸಣ್ಣದಾಗಿರಲಿಲ್ಲ. ಅದು ಬಂದು ನಿಂತರೆ ಬಿಸಿ ಮುಖಕ್ಕೆ ಬಡಿಯುತ್ತಿತ್ತು. ಕಲ್ಲಿದ್ದಲು ಮತ್ತು ಸುಟ್ಟ ಎಣ್ಣೆಯ ವಾಸನೆ ಮನೆಗೆ ಬಂದ ಮೇಲೂ ಅಂಗಿಯಲ್ಲಿ ಉಳಿದಿರುತ್ತಿತ್ತು. ಹೊಗೆಯ ಜೊತೆ ಹಾರುವ ಕರಿಯ ಚೂರುಗಳು ಕಣ್ಣಿಗೆ ಬಿದ್ದರೆ ಅಕ್ಕ ಸೆರಗನ್ನು ಉಂಡೆ ಮಾಡಿ, ಬಾಯಿಂದ ಊದಿ, ಬಿಸಿ ಒತ್ತುತ್ತಿದ್ದಳು.

ಆ ಅಕ್ಕ ಹೋದ ತಿಂಗಳು ತೀರಿಕೊಂಡಳು. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಹಳೆಯ ಒಂದು ದಿನ ನನ್ನ ತಲೆಯಲ್ಲಿ ಸುತ್ತತೊಡಗಿದೆ. ಇಷ್ಟು ವರ್ಷ ಅದರ ಬಗ್ಗೆ ಅನುಮಾನ ಬಂದರೆ ಅವಳನ್ನು ಕೇಳುತ್ತಿದ್ದೆ. ಈಗ ಬರೆದು ನೋಡುತ್ತಿದ್ದೇನೆ.

ಅಕ್ಕ ಆಗ ಏಳನೇ ಕ್ಲಾಸು. ಪರೀಕ್ಷೆಯನ್ನು ಚಿಕ್ಕಬಳ್ಳಾಪುರಕ್ಕೆ ಹೋಗಿ ಬರೆಯಬೇಕಿತ್ತು. ಊರಿನ ಹುಡುಗರು ಹಿಂದಿನ ದಿನವೇ ಮೇಷ್ಟ್ರ ಜೊತೆ ಹೋಗಿ ಛತ್ರದಲ್ಲಿ ಉಳಿದುಕೊಂಡಿದ್ದರು. ಹೆಣ್ಣುಮಗಳನ್ನು ಛತ್ರದಲ್ಲಿ ಮಲಗಿಸುವ ಮಾತೇ ನಮ್ಮ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಅವಳು ಅವತ್ತಿನ ಬೆಳಗಿನ ರೈಲಿಗೇ ಅವ್ವನ ಜೊತೆ ಹೋಗಬೇಕು. ರೈಲು ತಡವಾದರೆ ಪರೀಕ್ಷೆ ತಪ್ಪಿತು. ಅವಳನ್ನು ಕಳಿಸುವ ಮನಸ್ಸು ಅಪ್ಪನಿಗೆ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಅವ್ವ ಕೇಳಿ ಕೇಳಿ ಸಾಕಾದ ಮೇಲೆ "ಹೂಂ" ಎಂದಿದ್ದರು. ಮುಖ ಮಾತ್ರ ಗೋಡೆಯ ಕಡೆಗಿತ್ತು.

ರೈಲು ಹೊತ್ತಿಗೆ ಸರಿಯಾಗಿ ಬಂತು. ಅವ್ವ, ಅಕ್ಕ ಹತ್ತಿ ಕೂತರು. ಎಂಜಿನ್ ನೀರು ತುಂಬಿಸಿಕೊಳ್ಳುತ್ತಿದ್ದುದು ನಮ್ಮೂರಿನಲ್ಲೇ. ಆದರೆ ಅವತ್ತು ಪಂಪು ಕೆಟ್ಟು ಸ್ಟೇಷನ್ನಿನ ಟ್ಯಾಂಕು ಒಣಗಿತ್ತು. ಡ್ರೈವರ್ ಕೆಳಗಿಳಿದು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಬೆವರು ಒರೆಸಿಕೊಂಡ.

"ನೀರಿಲ್ದೆ ಒಂದು ಹೆಜ್ಜೆ ಎತ್ತಿಡಲ್ಲ ಇದು. ಮುಂದಿನ ಸ್ಟೇಷನ್ ಗಂಟ ಆಗೋಷ್ಟು ಯಾರಾದ್ರೂ ಹೊಯ್ಯಿರಪ್ಪಾ."

ಸ್ಟೇಷನ್ನಿನ ಪಕ್ಕದ ಬಾವಿಯ ಬಳಿ ಇದ್ದ ಹೆಂಗಸರು ಕೇಳಿಸಿಕೊಂಡರು. ಸೇದುವವರು ಸೇದಿದರು, ಉಳಿದವರು ಬಾವಿಯಿಂದ ಎಂಜಿನ್‌ವರೆಗೆ ಸಾಲು ನಿಂತು ಬಿಂದಿಗೆಗಳನ್ನು ಕೈಯಿಂದ ಕೈಗೆ ದಾಟಿಸಿದರು. ಗಂಡಸರು ಪ್ಲಾಟ್‌ಫಾರಮ್ಮಿನ ಮೇಲೆ ನಿಂತು ನೋಡುತ್ತಿದ್ದರು. ಆಗೆಲ್ಲ ನೀರು ಹೊರುವುದು ಗಂಡಸರ ಕೆಲಸವಾಗಿರಲಿಲ್ಲ. ನಮ್ಮ ಅಪ್ಪ ಬಚ್ಚಲಿಗೆ ಒಂದು ಚೊಂಬು ನೀರನ್ನೂ ತಾವಾಗಿ ತಂದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಅದಕ್ಕೇ ನನಗೆ ಅವತ್ತು ಅಷ್ಟು ಆಶ್ಚರ್ಯವಾದದ್ದು. ಅಪ್ಪ ಇದ್ದಕ್ಕಿದ್ದಂತೆ ಬೆಂಚಿನಿಂದ ಎದ್ದರು. ಪಂಚೆ ಎತ್ತಿ ಕಟ್ಟಿದರು. ಒಂದು ಖಾಲಿ ಬಿಂದಿಗೆ ತೆಗೆದುಕೊಂಡರು. ಬಾವಿಯ ಕಟ್ಟೆಯ ತುಂಬ ಹೆಂಗಸರು. ಅವರ ನಡುವೆ ನುಗ್ಗುವುದು ಸರಿಯಲ್ಲ. ಬಾವಿಯ ಹಿಂದೆ ಉದ್ದನೆಯ ಕಲ್ಲು ತೊಟ್ಟಿಯೊಂದಿತ್ತು, ತುಂಬ ತಿಳಿನೀರು. ಅಪ್ಪ ಅಲ್ಲಿ ಬಿಂದಿಗೆ ಮುಳುಗಿಸಿ ಹೆಗಲ ಮೇಲೆ ಹೊತ್ತು ತಂದರು. ಊರಿನ ಯಜಮಾನರೇ ನೀರು ಹೊತ್ತ ಮೇಲೆ ಬೇರೆಯವರು ಸುಮ್ಮನಿರುತ್ತಾರೆಯೇ? ಗಂಡಸರೆಲ್ಲ ಸಿಕ್ಕ ಪಾತ್ರೆ ಹಿಡಿದು ಅವರ ಹಿಂದೆ ತೊಟ್ಟಿಗೆ ಹೋದರು. ಬಿಂದಿಗೆ ದಾಟಿಸುವ ಗಡಿಬಿಡಿಯಲ್ಲಿ ಅವರು ಎಲ್ಲಿಂದ ತುಂಬಿ ತರುತ್ತಿದ್ದಾರೆಂದು ಹೆಂಗಸರು ಗಮನಿಸಲಿಲ್ಲ. ಕಿಟಕಿಯಲ್ಲಿ ಅಕ್ಕನ ಮುಖ ಕಾಣುತ್ತಿತ್ತು. ಒದ್ದೆ ಹೆಗಲಿನಲ್ಲಿ ಹೋಗಿ ಬರುತ್ತಿದ್ದ ಅಪ್ಪನನ್ನು ಅವಳು ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನಾನು ಹೆಮ್ಮೆಯಿಂದ ಅಪ್ಪನ ಹಿಂದೆ ಮುಂದೆ ಓಡಾಡಿದೆ.

ರೈಲು ಕೂಗಿ ಹೊರಟಿತು. ಗೇಟಿನವರೆಗೂ ಹೋಗಿರಲಿಲ್ಲ, ಎಂಜಿನ್ ಕೆಮ್ಮಿತು. ಚಿಮಣಿಯಿಂದ ಹೊಗೆಯ ಬದಲು ಬಿಳಿಯ ನೊರೆ ಬಂತು. ಒಲೆಯ ಮೇಲೆ ಹಾಲು ಉಕ್ಕಿದ ಹಾಗೆ ನೊರೆ ಉಕ್ಕಿ ಎಂಜಿನ್ನಿನ ಕರಿಮೈ ಮೇಲೆ ಇಳಿಯಿತು. ಗಾಡಿ ನಿಂತೇ ಹೋಯಿತು. ನಾವೆಲ್ಲ ಅಲ್ಲಿಗೆ ಓಡಿದೆವು.

ಡ್ರೈವರ್ ಕೆಳಗಿಳಿದು, ಓಡಿ ಬಂದ ಗಂಡಸರಲ್ಲಿ ಒಬ್ಬರ ಕೈಯಲ್ಲಿದ್ದ ಬಿಂದಿಗೆಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟು ಉಗಿದ.

"ಯಾರಪ್ಪಾ ಮಾರಾಯ್ರು? ಚೌಳು ನೀರು ಕುಡಿಸ್ಬಿಟ್ಟಿದ್ದೀರಲ್ಲ ಇದಕ್ಕೆ."

ಚೌಳು ಎಂದರೆ ಉಪ್ಪುಪ್ಪಾದ ಒಂದು ಬಗೆಯ ಮಣ್ಣು. ಮನೆಮನೆಯಲ್ಲಿ ಸೋಪು ಇಲ್ಲದ ಕಾಲದಲ್ಲಿ ಅದನ್ನು ನೀರಿನಲ್ಲಿ ಕದಡಿ ಬಟ್ಟೆ ನೆನೆಹಾಕುತ್ತಿದ್ದರು. ಮಣ್ಣು ತಳಕ್ಕೆ ಕೂತರೆ ಮೇಲಿನ ನೀರು ತಿಳಿಯಾಗಿಯೇ ಕಾಣುತ್ತದೆ. ಆದರೆ ಎಂಜಿನ್ನಿನ ಹೊಟ್ಟೆಯಲ್ಲಿ ಕುದಿದರೆ ನೊರೆಯಾಗುತ್ತದೆ. ಎಲ್ಲ ನೀರನ್ನೂ ಚೆಲ್ಲಿ, ಮತ್ತೆ ತುಂಬಿ, ಮತ್ತೆ ಕಾಯಿಸಬೇಕು. ಮಧ್ಯಾಹ್ನವೇ ಆಗುತ್ತದೆ ಎಂದ ಡ್ರೈವರ್. ಬಸ್ಸು ಆಗಲೇ ಹೋಗಿತ್ತು. ಎತ್ತಿನ ಗಾಡಿ ಕಟ್ಟಿದರೂ ಹೊತ್ತಿಗೆ ಮುಟ್ಟುವ ಹಾಗಿರಲಿಲ್ಲ.

ಹೆಂಗಸರು ಮೊದಲು ನಕ್ಕರು. "ಗಂಡಸ್ರು ನೀರು ಹೊತ್ರೆ ಇನ್ನೇನಾಯ್ತದೆ?" ಎಂದಳು ಒಬ್ಬಳು. ಅವರಲ್ಲೇ ಒಬ್ಬ ಮುದುಕಿ ಮಾತ್ರ ನಗಲಿಲ್ಲ.

"ಆ ತೊಟ್ಟಿ ಕಟ್ಟಿಸಿದ್ದೇ ನಿಮ್ಮಪ್ಪ ಅಲ್ವಾ ಗೌಡ್ರೇ? ಅದು ಬಟ್ಟೆ ತೊಟ್ಟಿ ಅಂತ ನಿಮ್ಗೆ ಗೊತ್ತಿರ್ಲಿಲ್ವಾ?"

ನಗು ನಿಂತಿತು. ಅಕ್ಕ ಗಾಡಿಯಿಂದ ಇಳಿದು ಹಳಿಯ ಪಕ್ಕದ ಜಲ್ಲಿಯ ಮೇಲೆ ನಿಂತಿದ್ದಳು. ಅವಳ ಕೈಯಲ್ಲಿ ಪೆನ್ನು, ಮಸಿಯ ಕುಡಿಕೆ. ಅಪ್ಪ ಅವಳ ಕಡೆ ನೋಡದೆ, "ನಡೀರಿ ಮನೆಗೆ" ಎಂದು ಮುಂದೆ ನಡೆದರು. ಅವ್ವ ರೊಟ್ಟಿಯ ಬುಟ್ಟಿ ಹೊತ್ತು ಹಿಂದೆ ಬಂದಳು. ಆ ರೊಟ್ಟಿಯನ್ನೇ ನಾವು ಮಧ್ಯಾಹ್ನ ಮನೆಯಲ್ಲಿ ತಿಂದೆವು. ಅಕ್ಕ ತಿನ್ನಲಿಲ್ಲ.

ಮುಂದಿನ ವರ್ಷ ಪರೀಕ್ಷೆಯ ಹಿಂದಿನ ದಿನ ಅಪ್ಪ ಯಾರಿಗೂ ಹೇಳದೆ ಚೀಲ ಕಟ್ಟಿಕೊಂಡು, "ಬಾರವ್ವ" ಎಂದು ಅಕ್ಕನನ್ನು ಕರೆದುಕೊಂಡು ಹೋದರು. ಛತ್ರದ ಬಾಗಿಲಿಗೆ ಅಡ್ಡಲಾಗಿ ತಾವೇ ಮಲಗಿದ್ದರಂತೆ. ಅಕ್ಕ ಪಾಸಾದಳು. ಓದು ಮುಂದುವರಿಸಿ ಟೀಚರ್ ಆದಳು.

ಇಲ್ಲಿಗೆ ಮುಗಿಯಬೇಕಲ್ಲವೇ? ನನಗೆ ಮುಗಿಯುವುದಿಲ್ಲ. ಅಪ್ಪನಿಗೆ ಗೊತ್ತಿತ್ತೇ, ಗೊತ್ತಿರಲಿಲ್ಲವೇ? ಮಗಳನ್ನು ಕಳಿಸಲು ಎದ್ದರೇ, ತಡೆಯಲು ಎದ್ದರೇ? ಛತ್ರದ ಬಾಗಿಲಲ್ಲಿ ಮಲಗಿದ್ದು ಪ್ರೀತಿಗೋ, ತಪ್ಪುಕಾಣಿಕೆಗೋ? ಅಕ್ಕನನ್ನು ಕೇಳಿದರೆ, "ಅಪ್ಪ ಯಾವತ್ತು ನೀರು ಸೇದಿದ್ರು ಹೇಳು, ಯಾವ ತೊಟ್ಟಿ ಯಾವ್ದು ಅಂತ ಅವ್ರಿಗೇನ್ ಗೊತ್ತು" ಎಂದು ನಗುತ್ತಿದ್ದಳು. ಇನ್ನೊಂದು ದಿನ ಕೇಳಿದರೆ, "ಬಿಡೋ ಅದನ್ನ" ಎಂದು ಎದ್ದು ಹೋಗುತ್ತಿದ್ದಳು. ಎರಡರಲ್ಲಿ ಅವಳು ನಂಬಿದ್ದು ಯಾವುದು? ಅಪ್ಪನನ್ನು ನಾವಿಬ್ಬರೂ ಎಂದೂ ಕೇಳಲಿಲ್ಲ.

ಮೊನ್ನೆ ಭಾನುವಾರ ಮೊಮ್ಮಕ್ಕಳನ್ನು ಆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದೆ. ಈಗ ಅದಕ್ಕೆ ಸುಣ್ಣ ಹೊಡೆದು, ಹಳೆಯ ಎಂಜಿನ್ ಒಂದನ್ನು ತಂದು ಬಣ್ಣ ಬಳಿದು ನಿಲ್ಲಿಸಿದ್ದಾರೆ. ಕೆಲವು ಭಾನುವಾರ ಬೆಂಕಿ ಹಾಕಿ ಸಿಗ್ನಲ್ಲಿನವರೆಗೆ ಓಡಿಸುತ್ತಾರೆ. ನೋಡಲು ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಮಕ್ಕಳಿಗೆ ಮೇಲೆ ಹತ್ತಲು ಬಿಡುತ್ತಾರೆ. ತಲೆಯ ಮೇಲೆ ವಿಮಾನ ಹೋದಾಗ ವಿವರಿಸುತ್ತಿದ್ದ ಹುಡುಗಿ ಮಾತು ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಇದಕ್ಕೆ ಶುದ್ಧ ಮಾಡಿದ ನೀರನ್ನೇ ಹಾಕುತ್ತೇವೆ ಎಂದಳು ಅವಳು.

"ಎಂಜಿನ್‌ಗೂ ಕ್ಯಾನ್ ನೀರಾ ತಾತ?" ಎಂದ ಮೊಮ್ಮಗ. ಆಗ ಅಲ್ಲೇ ನೆರಳಿನಲ್ಲಿ ಕೂತು ಅವರಿಗೆ ಈ ಕತೆಯನ್ನೆಲ್ಲ ಹೇಳಿದೆ.

ಮೊಮ್ಮಗಳಿಗೆ ಈಗ ಹನ್ನೆರಡು. ಎಂಜಿನ್ನಿನ ಮೆಟ್ಟಿಲ ಮೇಲೆ ಕೂತು ಕೇಳಿದಳು: "ನಿಮ್ಮಪ್ಪನ್ನ ಯಾಕ್ ತಾತ ಕೇಳ್ಲಿಲ್ಲ?"

"ಆಗ ಅಪ್ಪಂದಿರನ್ನ ಕೇಳ್ತಿರ್ಲಿಲ್ಲ ಕಣವ್ವ."

ಅವಳಿಗೆ ಅದು ಅರ್ಥವಾಗಲಿಲ್ಲ. ಅವಳು ತನ್ನ ಅಪ್ಪನನ್ನು ದಿನವಿಡೀ ಕೇಳುತ್ತಲೇ ಇರುತ್ತಾಳೆ. ಬೈಸಿಕೊಳ್ಳುತ್ತಾಳೆ, ಮತ್ತೆ ಕೇಳುತ್ತಾಳೆ. "ತಾತ, ನೀವಾಗಿದ್ರೆ ನನ್ನ ಕಳಿಸ್ತಿದ್ರಾ?" ಎಂದಳು.

"ಕಳಿಸ್ತಿದ್ದೆ" ಎಂದೆ.

"ನಿಜವಾಗ್ಲೂ?"

"ನಿಜವಾಗ್ಲೂ."

ಅವಳು ನನ್ನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ, ಸರಿ ಎಂಬಂತೆ ತಲೆಯಾಡಿಸಿ, ತಮ್ಮನ ಹಿಂದೆ ಓಡಿದಳು. ಎಷ್ಟು ಬೇಗ ಮುಗಿಯಿತು. ನಮ್ಮ ಮನೆಯಲ್ಲಿ ಇಷ್ಟನ್ನು ಕೇಳಿ ಹೇಳಲು ಅಪ್ಪನದು, ಅಕ್ಕನದು ಎರಡು ಆಯುಷ್ಯ ಸಾಲದೆ ಹೋಯಿತಲ್ಲ ಎಂದುಕೊಂಡು ನಾನು ಅಲ್ಲೇ ಕೂತಿದ್ದೆ.